ಸಸ್ಯಶಾಸ್ತ್ರದ ತರಗತಿಯಲ್ಲಿ ಶಕ್ಕು

ಶಕುಂತಲಾ ತೀರಿಕೊಂಡ ಮೇಲೆ ಮೊದಲ ಸಲ ಮಾತಾಡಿದ್ದು ಸಸ್ಯಶಾಸ್ತ್ರದ ತರಗತಿಯಲ್ಲಿ.

ಬೆಟಗೇರಿಯ ನೇಕಾರರ ಓಣಿಯ ಮನೆ ಅದು. ಕೆಳಗೆ ಮಗ್ಗ ಮತ್ತು ಅಡುಗೆ, ಮೇಲೆ ಒಂದೇ ಒಂದು ಕೋಣೆ. ಶಕ್ಕುವಿನ ದಿನಕರ್ಮ ಮುಗಿದು, ಬಂದ ನಂಟರೆಲ್ಲ ತಿರುಗಿ ಹೋಗಿದ್ದರು. ಅವಳ ತಂಗಿ ವಾರಿಜಾ ಮೇಲಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಫೋನನ್ನು ಪುಸ್ತಕಗಳಿಗೆ ಆನಿಸಿ ಕೂತಿದ್ದಳು. ಪರದೆಯಲ್ಲಿ ಹಂಪಣ್ಣವರ ಸರ್, ಎಲೆಗಳು ಉಸಿರಾಡುವ ಬಗೆಯನ್ನು ವಿವರಿಸುತ್ತ, "ವಾರಿಜಾ, ಹಗಲಿನ್ಯಾಗ ಬಾಯಿ ಮುಚ್ಚಿಕೊಂಡು ಕತ್ತಲಾದ ಮ್ಯಾಲ ಬಾಯಿ ತೆರೆಯೂ ಗಿಡ ಯಾವುದವಾ?" ಎಂದು ಕೇಳಿದರು. ಉತ್ತರ ಅವಳಿಗೆ ಗೊತ್ತಿತ್ತು. ಅದು ಗಂಟಲಿನವರೆಗೆ ಬಂದು ನಿಂತಿತ್ತು ಕೂಡ. ಅಷ್ಟರಲ್ಲಿ ಪರದೆಯ ಮೂಲೆಯ ಹಸಿರು ಚುಕ್ಕೆ ಕಿತ್ತಳೆಯಾಯಿತು. ನೆಟ್‌ವರ್ಕ್ ಹೋಗಿ ಸರ್ ಮುಖ ಕಲ್ಲಾಯಿತು.

ಹೋದರೆ ಹೋಗಲಿ ಎಂದು ಅವಳು ಕಣ್ಣು ಮುಚ್ಚಿದಳು. ಆಗ ಕೆಳಗಿನಿಂದ, ಅಡುಗೆಮನೆಯಿಂದ, ಅಕ್ಕನ ದನಿ ಕೇಳಿಸಿತು.

"ಹಂಗ ನೋಡಿದ್ರ ಸರ್, ಪಾಪಾಸುಕಳ್ಳಿ ಅದಕ್ಕ ಛಲೋ ಉದಾಹರಣಿ ಅಲ್ಲೇನ್ರಿ?"

ವಾರಿಜಾ ಮೆಟ್ಟಿಲು ಇಳಿದಳೋ ಬಿದ್ದಳೋ, ಅವಳಿಗೇ ತಿಳಿಯಲಿಲ್ಲ. ಅವ್ವ ಅಂಬವ್ವ ಒಲೆಯ ಮುಂದೆ ಕೂತಿದ್ದಳು. ರೊಟ್ಟಿ ಹಂಚಿನ ಮೇಲೆ ಕರಕಾಗಿ ಹೊಗೆ ಏಳುತ್ತಿತ್ತು. ಹಿಟ್ಟಿನ ಕೈಯಲ್ಲಿ ಹಿಡಿದ ಫೋನಿನಲ್ಲಿ ಮಕ್ಕಳ ಪಾಠವನ್ನು ಹಡೆದವರೂ ನೋಡಲೆಂದು ಕಾಲೇಜು ಕೊಟ್ಟಿದ್ದ ಪಾಲಕರ ಕಿಟಕಿ ತೆರೆದಿತ್ತು. ಅದರಲ್ಲಿ ಕಾಣುತ್ತಿದ್ದದ್ದು ವಾರಿಜಾಳ ಮುಖ. ಆ ಮುಖ ಹುಬ್ಬು ಏರಿಸಿ, ಅರ್ಧ ನಕ್ಕು, ಶಕ್ಕು ಮಾತಾಡಿದ ಹಾಗೆ ಮಾತಾಡುತ್ತಿತ್ತು.

ಮಗ್ಗದ ಸದ್ದು ನಿಂತಿತು. ಕುಣಿಯೊಳಗೆ ಕಾಲಿಟ್ಟು ಕೂತಿದ್ದ ಅಪ್ಪ ಲಾಳಿಯನ್ನು ಕೈಯಲ್ಲಿ ಹಿಡಿದು ಇತ್ತ ನೋಡುತ್ತಿದ್ದ.

*

ಅದರಲ್ಲಿ ಭೂತದ ಮಾತೇನೂ ಇರಲಿಲ್ಲ. ವಾರಿಜಾಳಿಗೆ ಅದು ಗೊತ್ತಿತ್ತು; ಗೊತ್ತಿದ್ದರಿಂದ ಏನೂ ಹಗುರಾಗಲಿಲ್ಲ.

ಅವಳ ಕಾಲೇಜಿಗೆ ಕಟ್ಟಡವೇ ಇರಲಿಲ್ಲ. ಹುಬ್ಬಳ್ಳಿಯ ಒಂದು ಮಹಡಿಯಲ್ಲಿ ಯಂತ್ರಗಳು, ಉಳಿದದ್ದೆಲ್ಲ ಮಕ್ಕಳ ಫೋನುಗಳಲ್ಲಿ. ಹಳ್ಳಿಹಳ್ಳಿಗೂ ನೆಟ್‌ವರ್ಕ್ ಸರಿಯಿಲ್ಲದ್ದರಿಂದ ಆ ಕಾಲೇಜಿನವರು ಒಂದು ಉಪಾಯ ಹೂಡಿದ್ದರು. ಫೋನು ವಿದ್ಯಾರ್ಥಿಯ ಚಿತ್ರವನ್ನು ಹೊತ್ತು ಕಳಿಸುವುದಿಲ್ಲ. ಹುಬ್ಬು, ತುಟಿ, ಕತ್ತಿನ ಅಲುಗಾಟವನ್ನಷ್ಟೇ ಕಳಿಸುತ್ತದೆ. ಹುಬ್ಬಳ್ಳಿಯ ಯಂತ್ರ ಅದರಿಂದ ಮುಖವನ್ನು ಬರೆದುಕೊಳ್ಳುತ್ತದೆ. ನಡುವೆ ಸಂಪರ್ಕ ಕಡಿದರೆ, ಈ ಹುಡುಗಿ ಇದ್ದಿದ್ದರೆ ಏನು ಮಾಡುತ್ತಿದ್ದಳು, ಏನು ಅನ್ನುತ್ತಿದ್ದಳು ಎಂದು ತಾನೇ ಊಹಿಸಿ ಮುಂದುವರಿಸುತ್ತದೆ; ಆಗ ಮೂಲೆಯ ಚುಕ್ಕೆ ಕಿತ್ತಳೆಯಾಗುತ್ತದೆ. ಮಗ್ಗದಲ್ಲಿ ಹಾಸಿನ ಎಳೆ ಕಡಿದಾಗ ಗಂಟು ಕಾಣದಂತೆ ಇನ್ನೊಂದು ಎಳೆ ಕೂಡಿಸುತ್ತಾರಲ್ಲ, ಹಾಗೆ. ಇದಕ್ಕೆ ಅವರು ಇಟ್ಟ ಹೆಸರು ಒತ್ತಾಸೆ. ಹುಡುಗರು ಕರೆಯುವುದು ಗೊಂಬಿ ಎಂದು.

ಮೊದಲು ಗೊಂಬೆಗೆ ಒಂದೆರಡು ವಾಕ್ಯ ತುಂಬುವ ಅಪ್ಪಣೆಯಿತ್ತು. ಆಮೇಲೆ ಒಂದಿಡೀ ಪಾಠಕ್ಕೆ ಸಿಕ್ಕಿತು. ಪ್ರಶ್ನೆ ಕೇಳಿದ ಮೇಲೆ ಆಚೆಯಿಂದ ಬಹಳ ಹೊತ್ತು ಸದ್ದಿಲ್ಲದಿದ್ದರೂ ಯಂತ್ರದ ಪಾಲಿಗೆ ಅದು ಕಡಿದ ಎಳೆಯೇ. ವಾರಿಜಾಳಂಥವರಿಗೆ ಕಷ್ಟವಾದದ್ದು ಅಲ್ಲಿಯೇ. ಮಾತು ಅವಳಲ್ಲಿ ತಡವಾಗಿ ಹುಟ್ಟುತ್ತಿತ್ತು. ಒಳಗೇ ನಾಲ್ಕು ಸಲ ತಿರುವಿ ನೋಡಿ ಬಾಯಿ ತೆರೆಯುವಷ್ಟರಲ್ಲಿ ಗೊಂಬೆ ಉತ್ತರ ಹೇಳಿ ಮುಗಿಸಿರುತ್ತಿತ್ತು. ಬರಬರುತ್ತ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಗೊಂಬೆಯಲ್ಲಿ ಅಕ್ಕನ ದನಿ ಸೇರಿದ್ದು ಪ್ರಾಕ್ಸಿಯ ದಾರಿಯಲ್ಲಿ. ಕಾಲೇಜು ಸೇರುವಾಗ ಪ್ರತಿಯೊಬ್ಬರೂ ಒಂದು ತಾಸು ಫೋನಿನ ಮುಂದೆ ಕೂತು ಮನಸಿಗೆ ಬಂದದ್ದನ್ನು ಮಾತಾಡಿ ಮಾದರಿ ಕೊಡಬೇಕಿತ್ತು. ವಾರಿಜಾ ಹೆಸರು ಹೇಳಿ, ಊರು ಹೇಳಿ, ಆಮೇಲೆ ಗೋಡೆ ನೋಡುತ್ತ ಕೂತಳು. ಶಕ್ಕು ಔಷಧದ ಅಂಗಡಿಯ ಕೆಲಸ ಮುಗಿಸಿ ಬಂದವಳು ನೋಡಿ ನಕ್ಕಳು.

"ಕಾಲೇಜಿನ್ಯಾಗ ಒಬ್ಬರ ಹಾಜರಿಗೆ ಇನ್ನೊಬ್ಬರು ಎಸ್ ಸರ್ ಅನ್ನೂದಿಲ್ಲೇನಲೇ? ಸರಿ ಆ ಕಡೆ. ಮಾರಿ ನಿಂದಿರಲಿ, ಬಾಯಿ ನಂದಿರಲಿ."

"ಗೊತ್ತಾದ್ರ?"

"ನಮ್ಮಿಬ್ಬರ ಗಂಟಲಾನೂ ಒಂದ ಎರಕದ್ದು. ಅವ್ವಗ ತಿಳಿಯೂದಿಲ್ಲ, ಆ ಡಬ್ಬಿಗೆ ತಿಳೀತೈತಿ?"

ಶಕ್ಕು ಕಾಲು ಚಾಚಿ ಕೂತು, ಅಂಗಡಿಗೆ ಬರುವ ಗಿರಾಕಿಗಳ ಕಥೆ, ಅಪ್ಪನ ಮೌನದ ಕಥೆ, ಓಣಿಯ ಮದುವೆಗಳ ಕಥೆ ಎಲ್ಲವನ್ನೂ ಹೇಳಿದಳು. ಮಾತು ಮಾತಿಗೆ "ಹಂಗ ನೋಡಿದ್ರ" ಅನ್ನುವುದು ಅವಳ ರೂಢಿ. ಆ ಮೇಲೆ ಮನೆಯಲ್ಲಿ ಅದೊಂದು ತಮಾಷೆಯಾಯಿತು. ಗೊಂಬೆ ಮಾತಾಡಿದಾಗಲೆಲ್ಲ ಶಕ್ಕು, "ನೋಡ್ರಿ, ನಾ ಎರಡನೇ ಸಲ ಡಿಗ್ರಿ ಓದಾಕತ್ತೀನಿ" ಅನ್ನುತ್ತಿದ್ದಳು. ಮೊದಲನೆಯದನ್ನು ಅವಳು ಅರ್ಧಕ್ಕೆ ಬಿಟ್ಟಿದ್ದಳು, ತಂಗಿ ಓದಲಿ ಎಂದು.

ಲಕ್ಷ್ಮೇಶ್ವರದ ಮದುವೆಗೆ ಹೋಗುವಾಗ ಶಕ್ಕು ಕೂತಿದ್ದ ಟಂಟಂ ರಿಕ್ಷಾ ಉರುಳಿತು. ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೆ ಬಿಡಲಿಲ್ಲ. ಅವಳು ಗಾಜಿನ ಹೊರಗೆ ನಿಂತು ಮಗಳ ಪಾದಗಳನ್ನಷ್ಟೇ ನೋಡಿದಳು.

*

ಮರುದಿನ ಪಾಠದ ಹೊತ್ತಿಗೆ ವಾರಿಜಾಳ ಫೋನು ಕಾಣಲಿಲ್ಲ.

"ಅವ್ವಾ, ನನ್ನ ಫೋನ್ ನೋಡಿದೇನು?"

ಅಂಬವ್ವ ಹಿಂದಕ್ಕೆ ತಿರುಗದೆ ಹೇಳಿದಳು. "ಹಿಟ್ಟಿನ ಡಬ್ಬ್ಯಾಗ ಐತಿ. ಪಾಠ ತಗದು ಇಟ್ಟೀನಿ. ಇರಲಿ ಬಿಡು ಇವತ್ತೊಂದಿನ."

ಸ್ಟೀಲಿನ ದಪ್ಪ ಡಬ್ಬಿ. ಮುಚ್ಚಳ ಬಿಗಿದರೆ ಗಾಳಿಯೂ ಹೋಗದು, ಸಿಗ್ನಲ್ಲೂ ಹೋಗದು; ಪಾಠದಲ್ಲಿ ಉಳಿಯುವುದು ಗೊಂಬೆ ಮಾತ್ರ. ಇದನ್ನು ಅವ್ವ ಯಾವಾಗ ಕಂಡುಕೊಂಡಳೋ. ವಾರಿಜಾ ಮೆಟ್ಟಿಲ ಮೇಲೆ ಕೂತಳು. ಅಡುಗೆಮನೆಯಲ್ಲಿ ಹಾಜರಿ ಕರೆದರು. "ಇದ್ದೀನ್ರಿ ಸರ್" ಎಂದಿತು ಗೊಂಬೆ. ಅವ್ವನ ಬೆನ್ನು ಸಡಿಲಾದದ್ದು ಹಿಂದಿನಿಂದಲೇ ಕಂಡಿತು. ಎಷ್ಟೋ ದಿನಗಳ ಮೇಲೆ ಅವಳು ಒಂದು ರೊಟ್ಟಿಯನ್ನು ಪೂರ್ತಿ ತಿಂದಳು. ಅದನ್ನು ನೋಡಿದ ಮೇಲೆ ವಾರಿಜಾಳಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

ಇವತ್ತೊಂದಿನ ಎಂದದ್ದು ದಿನದಿನದ ಪಾಠವಾಯಿತು. ವಾರಿಜಾ ಮೆಟ್ಟಿಲ ಮೇಲೆ ಕೂತೇ ಪಾಠ ಕೇಳಿದಳು, ತನ್ನ ಪಾಠವನ್ನು ಅಕ್ಕ ಕಲಿಯುವುದನ್ನು. ಗೊಂಬೆ ಜಾಣೆ. ಸರ್‌ಗಳ ಜೊತೆ ವಾದಿಸುತ್ತಿತ್ತು, ಅವರಿಗೆ ಬೇಸರವಾಗದಂತೆ ಸೋಲುತ್ತಿತ್ತು. ಹಂಪಣ್ಣವರ ಸರ್, "ಈ ಹುಡುಗಿ ಮೊದಲ ವರ್ಷ ಉಸಿರ ಬಿಡತಿದ್ದಿಲ್ಲ. ಈಗ ನೋಡ್ರಿ" ಎಂದು ಎಲ್ಲರೆದುರು ಹೊಗಳಿದರು. ಸಂಜೆ ಗೆಳತಿಯರ ಸಂದೇಶಗಳು ಬರುತ್ತಿದ್ದವು: ನೀ ಇವತ್ತು ಹೇಳಿದ್ದು ನೆನೆಸಿ ನೆನೆಸಿ ನಕ್ಕೆ ನೋಡಲೇ. ಅದಕ್ಕೆ ಉತ್ತರ ಬರೆಯಬೇಕಾದವಳು ವಾರಿಜಾ. ಅಕ್ಕ ಇದ್ದಿದ್ದರೆ ಏನು ಬರೆಯುತ್ತಿದ್ದಳು ಎಂದು ಯೋಚಿಸಿ ಬರೆಯುತ್ತಿದ್ದಳು. ಬರಬರುತ್ತ ಯೋಚಿಸಬೇಕಾಗಲಿಲ್ಲ.

ಪಾಠ ಮುಗಿದ ಮೇಲೆ ಸ್ವಲ್ಪ ಹೊತ್ತು ಪಾಲಕರ ಕೋಣೆ ತೆರೆಯುತ್ತಿತ್ತು. ಇವತ್ತು ಏನು ಕಲಿತೆ ಎಂದು ಹಡೆದವರು ಮಗುವನ್ನು ಕೇಳಲಿ ಎಂಬ ಏರ್ಪಾಡು. ಅಲ್ಲಿ ಅವ್ವ ಮತ್ತು ಗೊಂಬೆ, ಇಬ್ಬರೇ.

"ಊಟ ಆತೇನವಾ?"

"ಆತ್ರಿ."

"ಏನ್ ಉಂಡಿ?"

"ಹಂಗ ನೋಡಿದ್ರ, ಇವತ್ತಿನ ಪಾಠ ಸ್ವಲ್ಪ ಕಠಿಣ ಇತ್ರಿ."

ಅಂಬವ್ವ ಸೆರಗಿನಿಂದ ಪರದೆ ಒರೆಸಿದಳು. ಅದರ ಮೇಲೆ ಏನೂ ಇರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು. "ಆವತ್ತು ನೋವು ಭಾಳ ಆಗಿತ್ತೇನವಾ ಶಕ್ಕೂ?"

ಗೊಂಬೆ ಕತ್ತು ಓರೆ ಮಾಡಿ ನಕ್ಕಿತು. "ಅದು ಇನ್ನೂ ಪಾಠದಾಗ ಬಂದಿಲ್ಲರಿ."

ಅವ್ವ ಅದಕ್ಕೂ ಸಿಟ್ಟಾಗಲಿಲ್ಲ. ಸಂಜೆ ದೀಪ ಹಚ್ಚುತ್ತ ಯಾರಿಗೋ ಹೇಳುವಂತೆ ಹೇಳಿಕೊಂಡಳು. "ಅಲ್ಲೆ ಹೋದ ಮ್ಯಾಲ ನನಗ ರೀ ಅನ್ನಾಕ ಹತ್ಯಾಳ. ಯಾವಾಗ್ಲೂ ನೀ ಅಂತಿದ್ಲು. ಸಿಟ್ಟೇನೋ."

*

ಕೊನೆಯ ವರ್ಷದ ಮೌಖಿಕ ಪರೀಕ್ಷೆಗೆ ಮುಂಚೆ ಕಾಲೇಜಿನಿಂದ ಸಂದೇಶ ಬಂತು. ಎಲ್ಲರೂ ಹುಬ್ಬಳ್ಳಿಗೆ ಬಂದು ತಮ್ಮ ದನಿಯನ್ನು ಹಳೆಯ ಮಾದರಿಯೊಂದಿಗೆ ತಾಳೆ ಮಾಡಿಸಬೇಕು. ತಾಳೆಯಾಗದಿದ್ದರೆ ಹೊಸ ಮಾದರಿ ಕೊಡಬಹುದು, ಹಳೆಯದನ್ನು ಅಳಿಸುತ್ತಾರೆ. ಬಾರದೇ ಉಳಿದವರಿಗೆ ಡಿಗ್ರಿ ಇಲ್ಲ.

ಅಂಬವ್ವನಿಗೆ ಓದಿ ಹೇಳಿದಾಗ ಅವಳಿಗೆ ತಿಳಿದದ್ದು ಒಂದೇ ಮಾತು, ಅಳಿಸುತ್ತಾರೆ ಎಂಬುದು.

"ಹೋಗಬ್ಯಾಡ."

"ಡಿಗ್ರಿ ಹೋಗ್ತೈತವ್ವಾ."

"ಹೋಗಲಿ. ನಮ್ಮ ಮನ್ಯಾಗ ಡಿಗ್ರಿ ಇದ್ದವರು ಯಾರದಾರ? ಉಂಡು ಉಟ್ಟು ಇಲ್ಲೇನು? ಅಕಿನ್ನ ಒಮ್ಮೆ ಹೊತ್ತು ಹಾಕಿ ಬಂದೇವಿ. ಎರಡನೇ ಸಲ ನನ್ನ ಕೈಲೆ ಆಗೂದಿಲ್ಲ."

"ಮತ್ತ ನಾನು?" ಎಂದಳು ವಾರಿಜಾ. ಅಷ್ಟು ಸಣ್ಣಗೆ ಅಂದಳೆಂದರೆ ಅವ್ವನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದು ಮಗ್ಗದ ಕುಣಿಯಲ್ಲಿದ್ದ ಅಪ್ಪನಿಗೆ.

"ಹೋಗಿ ಬಾ," ಎಂದನು ಅವನು. ಮತ್ತೆ ಲಾಳಿ ಒಗೆಯತೊಡಗಿದನು.

*

ಹುಬ್ಬಳ್ಳಿಯ ಆ ಮಹಡಿಯಲ್ಲಿ ಕಾಲೇಜಿನ ವಾಸನೆಯೇ ಇರಲಿಲ್ಲ. ತಣ್ಣಗಿನ ಗಾಳಿ, ಯಂತ್ರಗಳ ಒಂದೇ ಸಮನಾದ ಗುಂಯ್ ಸದ್ದು. ನಿಯಂತ್ರಣ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದ ನಿಲೋಫರ್ ಮೇಡಂ ಚಹಾದ ಕಪ್ಪು ಹಿಡಿದೇ ಬಾಗಿಲು ತೆರೆದಳು. ಒಳಗಿನ ಗೋಡೆಯ ತುಂಬ ಪುಟ್ಟ ಪುಟ್ಟ ಮುಖಗಳು, ಪ್ರತಿ ಮುಖದ ಮೂಲೆಯಲ್ಲೂ ಒಂದು ಚುಕ್ಕೆ.

"ಬಾರವಾ. ಬೆಟಗೇರಿ ಅಲ್ಲಾ? ಕೂಡು. ಇಲ್ಲೆ ನೋಡು, ಒಂದು ಚೋದ್ಯ ತೋರಸ್ತೀನಿ."

ಅವಳು ಒಂದು ಸಾಲಿನ ಕಡೆ ಬೆರಳು ಮಾಡಿದಳು. ಆ ತರಗತಿಯ ಮುಖಗಳೆಲ್ಲ ಕಿತ್ತಳೆ ಚುಕ್ಕೆಯವು. ಪಾಠ ಮಾಡುತ್ತಿದ್ದ ಮೇಷ್ಟ್ರ ಮೂಲೆಯಲ್ಲೂ ಕಿತ್ತಳೆಯೇ.

"ಹುಡುಗ್ರು ಒಬ್ಬರೂ ಇಲ್ಲ. ಮೇಷ್ಟ್ರೂ ಎದ್ದು ಹೋಗ್ಯಾರ, ಬೀಗರ ಮನಿಗೋ ಎಲ್ಲೋ. ಆದ್ರ ಪಾಠ ನಡದೈತಿ. ಈಗ ಒಂದು ಜೋಕ್ ಹೇಳ್ತಾರ ನೋಡು."

ಮೇಷ್ಟ್ರು ಏನೋ ಹೇಳಿದರು. ಮುಖಗಳೆಲ್ಲ ನಕ್ಕವು. ಒಂದು ಹುಡುಗಿ ತಡವಾಗಿ ನಕ್ಕಳು, ಪಕ್ಕದವಳ ಕಡೆ ನೋಡಿ.

"ನಿಲ್ಲಸೂದಿಲ್ಲೇನ್ರಿ?" ಎಂದು ವಾರಿಜಾ ಕೇಳಿದಳು.

"ಯಾರನ್ನಂತ ನಿಲ್ಲಸಲಿ? ಯಾರೂ ತಕರಾರ ಮಾಡಿಲ್ಲ. ಹೊಳ್ಳಿ ಬಂದವರು ಎಲ್ಲಿಗೆ ಬಂತು ಪಾಠ ಅಂತ ಗೊಂಬಿನ್ನ ಕೇಳ್ತಾರ." ನಿಲೋಫರ್ ಚಹಾ ಗುಟುಕರಿಸಿದಳು. "ನಡಿ, ನಿನ್ನ ಕೆಲಸ ಮುಗಸೂಣು."

ಗಾಜಿನ ಸಣ್ಣ ಕೋಣೆ. ವಾರಿಜಾ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ತಾಳೆಯಾಗುವುದಿಲ್ಲ, ಅದು ಖಂಡಿತ. ಆಮೇಲೆ ಹೊಸ ಮಾದರಿ. ಒಂದು ತಾಸು ತಾನೇ ಮಾತಾಡಬೇಕು, ತಡವರಿಸಿದರೂ ಸರಿ. ಅಕ್ಕ ಅಳಿಸಿಹೋಗುತ್ತಾಳೆ. ಅವ್ವ ತಿಂಗಳುಗಟ್ಟಲೆ ಮಾತಾಡಿಸಲಿಕ್ಕಿಲ್ಲ. ಆದರೂ ಹಾಜರಿ ಕರೆದಾಗ ಓ ಅನ್ನುವವಳು ತಾನೇ ಆಗಿರುತ್ತಾಳೆ.

"ಏನರ ಮಾತಾಡು," ಎಂದಿತು ನಿಲೋಫರಳ ದನಿ. "ಅಕ್ಕ ತಂಗಿ, ಊರು ಕೇರಿ, ಏನಾದ್ರೂ."

ವಾರಿಜಾ ಅಕ್ಕನ ಬಗ್ಗೆ ಮಾತಾಡಿದಳು. ಔಷಧದ ಅಂಗಡಿಯ ಬಗ್ಗೆ, ಟಂಟಂ ಬಗ್ಗೆ, ಗಾಜಿನಾಚೆಯ ಪಾದಗಳ ಬಗ್ಗೆ. ಎಲ್ಲೂ ನಿಲ್ಲಲಿಲ್ಲ. ಮಾತು ಇಷ್ಟು ಸಲೀಸಾಗಿ ಬರುತ್ತಿದೆಯಲ್ಲ ಎಂದು ಅವಳಿಗೇ ಅಚ್ಚರಿ. ನಡುವೆ ಒಂದು ಕಡೆ ತಾನು ಕೈ ಆಡಿಸುತ್ತಿರುವುದು ಕಂಡು ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದಳು.

ನಿಲೋಫರ್ ಕೈ ಎತ್ತಿದಳು. "ಸಾಕವಾ. ಹೊಂದೇತಿ. ಭಾಳ ಛಲೋ ಹೊಂದೇತಿ."

"ಏನು ಹೊಂದೇತ್ರಿ?"

"ನಿನ್ನ ದನಿ. ನಿನ್ನ ಹಳೇ ಮಾದರಿ ಕೂಡ. ಹೊಸಾದು ಬೇಕಾಗಿಲ್ಲ, ನೀ ಇನ್ನ ಮನಿಗೆ ಹೋಗು."

ವಾರಿಜಾ ಎದ್ದು ನಿಂತಳು. "ಇಲ್ಲರಿ ಮೇಡಂ. ಅದು ನಂದಲ್ಲ. ನಮ್ಮ ಅಕ್ಕಂದು. ಅಕೀನ ನನ್ನ ಬದಲಿ ಮಾತಾಡಿದ್ಲು, ಪ್ರಾಕ್ಸಿ. ಹಂಗ ನೋಡಿದ್ರ…" ಎಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

ನಿಲೋಫರ್ ನಕ್ಕಳು, ಕೆಟ್ಟ ನಗುವಲ್ಲ. "ಇಲ್ಲಿ ಬಂದವರೆಲ್ಲಾ ಹಿಂಗ ಅಂತಾರ. ತಮ್ಮ ದನಿ ತಮಗ ಪರರದ್ದು ಅನಸ್ತೈತಿ. ತಗೊ, ಕೇಳು."

ಅವಳು ಎರಡನ್ನೂ ಒಂದರ ಹಿಂದೆ ಒಂದು ಹಾಕಿದಳು. ಒಂದು ದನಿ ಹೇಳುತ್ತಿತ್ತು, ನಮ್ಮ ಅಪ್ಪಗ ಮಾತಾಡಂದ್ರ ಲಾಳಿ ಒಗೀತಾನ. ಇನ್ನೊಂದು ಹೇಳುತ್ತಿತ್ತು, ನಮ್ಮ ಅವ್ವ ಗಾಜಿನ ಹೊರಗ ನಿಂತಿದ್ಲು. ಮಾತಿನಿಂದ ಯಾವುದು ಯಾರದೆಂದು ತಿಳಿಯಿತು. ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿದಾಗ ತಿಳಿಯಲಿಲ್ಲ. ಮೂರು ಸಲ ಹಾಕಿಸಿ ಕೇಳಿದಳು.

"ನಂದು ಎಲ್ಲೆ ಐತ್ರಿ ಹಂಗಾರ?"

ನಿಲೋಫರ್ ನಗು ನಿಲ್ಲಿಸಿ ಅವಳ ಮುಖ ನೋಡಿದಳು. "ನೋಡವಾ, ಈ ಗೊಂಬಿ ನಿನ್ನಿಂದ ಒಂಚೂರು ಕಲೀತೈತಿ. ನೀನೂ ಅದನ್ನ ಕೇಳಿ ಕೇಳಿ ಕಲ್ತಿರ್ತಿ. ಇಷ್ಟು ದಿನ ಕೂಡಿ ಇದ್ದ ಮ್ಯಾಲ ಯಾರದು ಎಷ್ಟು ಅಂತ ಬಿಡಸಾಕ ಬರೂದಿಲ್ಲ."

"ಅಳಿಸಿಬಿಡ್ರಿ ಅದನ್ನ. ನಾ ಹೊಸಾದು ಕೊಡ್ತೀನಿ."

"ಹೊಂದಿದ್ದನ್ನ ಅಳಿಸೂ ಅಧಿಕಾರ ನನಗಿಲ್ಲ. ಮತ್ತ ಹೊಸಾದು ಕೊಟ್ರೂ," ಎಂದು ಅವಳು ಕಪ್ಪಿನ ತಳ ನೋಡಿದಳು, "ಈಗ ಮಾತಾಡಿದಿಯಲ್ಲಾ, ಹಂಗ ಮಾತಾಡ್ತಿ."

*

"ಅಳಿಸಿ ಬಂದೇನು?" ಅಂಬವ್ವ ಹೊಸ್ತಿಲಲ್ಲೇ ಕೇಳಿದಳು.

"ಇಲ್ಲವ್ವಾ."

"ಡಿಗ್ರಿ?"

"ಅದೂ ಹೋಗೂದಿಲ್ಲ."

ಅವ್ವ ಕೈಕಾಲಿಗೆ ನೀರು ಕೊಟ್ಟಳು. ಆ ರಾತ್ರಿ ಶೇಂಗಾದ ಹೋಳಿಗೆ ಮಾಡಿದಳು. ವಾರಿಜಾ ಉಂಡಳು. ಅಪ್ಪ ಮಾತ್ರ ಅವಳನ್ನು ಎರಡು ಸಲ ತಲೆ ಎತ್ತಿ ನೋಡಿದ.

ಮರುದಿನ ಅವ್ವ ಎಂದಿನಂತೆ ಪಾಠ ತೆರೆದು, ಫೋನನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ಅವಳು ಅಪ್ಪನಿಗೆ ನೂಲು ಸುತ್ತಿದ ಕಂಡಿಕೆ ಕೊಡಲು ಹೋದಾಗ ವಾರಿಜಾ ಫೋನನ್ನು ತೆಗೆದುಕೊಂಡು ಮೇಲೆ ಹೋದಳು. ಇಷ್ಟೇ ಹೇಳಬೇಕೆಂದು ಬೆಳಗಿನಿಂದ ಕಟ್ಟಿಕೊಂಡಿದ್ದಳು: ಅವ್ವಾ, ಇದು ನಾನು, ವಾರಿಜಾ. ನಾ ಇಲ್ಲೇ ಮ್ಯಾಲ ಅದೀನಿ.

ಪಾಠ ಮುಗಿಯಿತು. ಪಾಲಕರ ಕೋಣೆ ತೆರೆಯಿತು. ಅವಳ ಪರದೆಯ ಮೂಲೆಯಲ್ಲಿ ಚುಕ್ಕೆ ಹಸಿರಾಗಿತ್ತು. ಪಾಲಕರ ಕಿಟಕಿಯಲ್ಲಿ ಆ ಚುಕ್ಕೆ ಕಾಣಿಸುವುದಿಲ್ಲ. ಅವ್ವನ ಮುಖ ಬಹಳ ಹತ್ತಿರ ಬಂತು.

"ಶಕ್ಕೂ. ನಿನ್ನೆ ನಿನ್ನನ್ನ ಅಳಿಸ್ತಾರಂತ ಹೆದರಿದ್ದೆ ನಾ. ಅದಕ್ಕ ಮತ್ತೊಮ್ಮೆ ಕೇಳ್ತೀನಿ, ಹೇಳಬೇಕಂದ್ರ ಹೇಳು. ನೋವು ಭಾಳ ಆಗಿತ್ತೇನವಾ?"

"ಇಲ್ಲವ್ವಾ," ಎಂದಳು ವಾರಿಜಾ. ಎಲ್ಲೂ ತಡೆಯಲಿಲ್ಲ. ಹೇಳಬೇಕೆಂದುಕೊಳ್ಳುವ ಮೊದಲೇ ಮಾತು ಹೊರಗಿತ್ತು. "ನೀ ಗಾಜಿನ ಹೊರಗ ನಿಂತಿದ್ದು ನನಗ ಗೊತ್ತಿತ್ತು. ನೋವೇನೂ ಆಗಲಿಲ್ಲ. ನಿದ್ದಿ ಬಂದಂಗಾತು ನೋಡು."

ಅಂಬವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಅಲುಗಿದ್ದು, ಆಮೇಲೆ ನಿಂತದ್ದು, ಎರಡೂ ಕಂಡವು. ಎಷ್ಟೋ ಕಾಲದಿಂದ ಹೊತ್ತು ನಿಂತಿದ್ದ ಬಿಂದಿಗೆಯನ್ನು ಯಾರೋ ಇಳಿಸಿಕೊಂಡಂತೆ ಅವಳು ಗೋಡೆಗೆ ಒರಗಿದಳು.

"ನನಗ ನೀ ಅಂದಿ ನೋಡು," ಎಂದಳು. "ಸಿಟ್ಟು ಹೋತು ಬಿಡು ಹಂಗಾರ." ಮೂಗು ಒರೆಸಿಕೊಂಡು ಮತ್ತೆ ಫೋನಿನ ಹತ್ತಿರ ಬಂದಳು. "ಇನ್ನೊಂದು ಕೇಳ್ತೀನವಾ. ವಾರೀದು. ಅಕಿ ನನ್ನ ಕೂಡ ಮಾತ ಬಿಟ್ಟಾಳ. ಮ್ಯಾಲ ಒಬ್ಬಾಕೀನ ಕುಂತಿರ್ತಾಳ. ನಿನ್ನ ಕೂಡನರ ಮಾತಾಡ್ತಾಳೇನು? ಹೆಂಗದಾಳ ಅಕಿ?"

ವಾರಿಜಾ ಬಾಯಿ ತೆರೆಯಲು ನೋಡಿದಳು. ಬೆಳಗಿನಿಂದ ಕಟ್ಟಿಕೊಂಡ ಮಾತನ್ನು ಈಗ ಅಂದರೆ, ಹಿಂದಿನ ಮಾತು ಯಾರದೆಂದು ಅವ್ವನಿಗೆ ತಿಳಿಯುತ್ತದೆ. ಇಳಿಸಿದ ಬಿಂದಿಗೆಯನ್ನು ಮತ್ತೆ ತಲೆಯ ಮೇಲಿಟ್ಟ ಹಾಗೆ. ಅಕ್ಕನಾಗಿಯೇ ಉತ್ತರಿಸೋಣವೆಂದರೆ, ಈ ಪ್ರಶ್ನೆಗೆ ಅಕ್ಕನ ಬಳಿ ಉತ್ತರವಿಲ್ಲ. ತನ್ನ ಬಳಿ ಇದೆ. ಅದು ಒಳಗೆಲ್ಲೋ ನಿಧಾನವಾಗಿ ಹುಟ್ಟುತ್ತಿತ್ತು, ಅವಳ ಮಾತುಗಳು ಹಿಂದೆ ಹುಟ್ಟುತ್ತಿದ್ದ ಹಾಗೆ. ಅದಕ್ಕೆ ಇನ್ನೊಂದಿಷ್ಟು ಹೊತ್ತು ಬೇಕಿತ್ತು.

ಕೆಳಗೆ ಅವ್ವ ಕಾದಳು.

ಪರದೆಯ ಮೂಲೆಯ ಚುಕ್ಕೆ ಕಿತ್ತಳೆಯಾಯಿತು.

"ಅಕಿ ಅರಾಮ ಅದಾಳವ್ವಾ," ಎಂದಿತು ದನಿ, ಫೋನಿನಿಂದಲೂ ಕೆಳಗಿನ ಅಡುಗೆಮನೆಯಿಂದಲೂ. "ನೀ ಅಕೀದೇನೂ ಚಿಂತಿ ಮಾಡಬ್ಯಾಡ."

ಪರದೆಯ ಮೇಲೆ ಅವಳದೇ ತುಟಿಗಳು ಅಲುಗುತ್ತಿದ್ದವು. ವಾರಿಜಾ ಕೈ ಎತ್ತಿ ತನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡಳು. ಅದು ಮುಚ್ಚಿತ್ತು.